ಹಾರದೆ ನಿಂತ ವಿಮಾನ

ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣವು ೨೦೨೩ರಲ್ಲಿ ಪ್ರಾರಂಭವಾಯಿತು. ಅಂದಿನಿಂದ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯ ಮನೆಗಳಿಗೆ ವಿಮಾನ ಪ್ರಯಾಣವು ದೂರದ ಮಾತಾಗಿ ಉಳಿದಿಲ್ಲ. ಜಗಳೂರಿನವರೂ ಬೆಂಗಳೂರಿಗೆ ಹೋಗಿ ಅಲ್ಲಿಂದ ದೆಹಲಿಗೋ ದುಬೈಗೋ ಹೋಗಿಬರುತ್ತಾರೆ. ಮಕ್ಕಳನ್ನು ಕಳುಹಿಸಿಕೊಟ್ಟು ಮನೆಯಲ್ಲಿ ಕುಳಿತ ತಂದೆತಾಯಿಗಳಿಗೆ ಒಂದು ದಿನ ಇಂಥ ಸುದ್ದಿ ಬರಬಹುದು: “ವಿಮಾನ ಓಡಲು ತೊಡಗಿತ್ತು, ಚಾಲಕರು ನಡುವೆಯೇ ನಿಲ್ಲಿಸಿಬಿಟ್ಟರು.” ಕೇಳಿದೊಡನೆ ಎದೆ ಝಲ್ಲೆನ್ನುವುದು ಸಹಜ. ಆದರೆ ಹಾಗೆ ನಿಂತದ್ದು ಅಪಘಾತವೆ, ಇಲ್ಲವೆ ಅಪಘಾತವನ್ನು ತಪ್ಪಿಸಿದ ಕಾರ್ಯವೆ? ಇದನ್ನು ತಿಳಿದಿರುವುದು ಒಳ್ಳೆಯದು.

೨೦೨೨ರ ಅಕ್ಟೋಬರ್ ೨೮ರ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದ ಇಂಡಿಗೋ ಸಂಸ್ಥೆಯ ಏರ್‌ಬಸ್ ೩೨೦ ವಿಮಾನದಲ್ಲಿ ಸಿಬ್ಬಂದಿಯೂ ಸೇರಿ ೧೮೪ ಮಂದಿ ಇದ್ದರು. ಮೇಲೇಳಲು ವೇಗವಾಗಿ ಓಡುತ್ತಿದ್ದಾಗ ಭಾರಿ ಸದ್ದಾಯಿತು. ಎರಡನೆಯ ಎಂಜಿನ್ ಕೆಟ್ಟಿತೆಂಬ ಎಚ್ಚರಿಕೆ ಚಾಲಕರ ಮುಂದೆ ಕಾಣಿಸಿತು. ರೆಕ್ಕೆಯ ಕೆಳಗಿನಿಂದ ಕಿಡಿಗಳು ಹಾರುವುದನ್ನು ಪ್ರಯಾಣಿಕರು ಕಿಟಕಿಯಿಂದಲೇ ಕಂಡರು. ಚಾಲಕರು ಹಾರುವುದನ್ನು ಕೈಬಿಟ್ಟು ವಿಮಾನವನ್ನು ನಿಲ್ಲಿಸಿದರು. ಎಂಜಿನ್ನಿಗೆ ಬೆಂಕಿ ಆರಿಸುವ ಔಷಧವನ್ನು ಹರಿಯಬಿಟ್ಟರು. ಎಲ್ಲರೂ ಕ್ಷೇಮವಾಗಿ ಇಳಿದು, ಮಧ್ಯರಾತ್ರಿ ಕಳೆದ ಮೇಲೆ ಬೇರೆ ವಿಮಾನದಲ್ಲಿ ಬೆಂಗಳೂರಿಗೆ ಹೊರಟರು.

ಇಷ್ಟು ಓದಿದವರಿಗೆ, ತೊಂದರೆ ಕಂಡೊಡನೆ ನಿಲ್ಲಿಸಿದರಾಯಿತು, ಇದರಲ್ಲೇನು ಕಷ್ಟ ಎನಿಸಬಹುದು. ಕಷ್ಟವಿರುವುದು ವೇಗದಲ್ಲಿ. ಅಡಿಕೆ ಮೂಟೆ ಹೇರಿದ ಲಾರಿಯ ಚಾಲಕನನ್ನು ಕೇಳಿದರೆ, ವೇಗವಾಗಿ ಹೋಗುವಾಗ ತಟ್ಟನೆ ನಿಲ್ಲಿಸುವುದು ಎಂಥ ಪಾಡೆಂದು ಅವನೇ ಹೇಳುತ್ತಾನೆ. ಬಂಡಿಯ ವೇಗ ಇಮ್ಮಡಿಯಾದರೆ ಅದನ್ನು ನಿಲ್ಲಿಸಲು ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ತುಂಬಿದ ಏರ್‌ಬಸ್ ೩೨೦ರ ತೂಕ ಎಪ್ಪತ್ತು ಟನ್ನಿಗೂ ಮಿಕ್ಕೀತು. ನೆಲ ಬಿಡುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು ೨೫೦ ಕಿಲೋಮೀಟರ್; ಎಂದರೆ ಒಂದೊಂದು ಸೆಕೆಂಡಿಗೆ ಸುಮಾರು ೭೦ ಮೀಟರ್. ಚಾಲಕರು ಎರಡು ಸೆಕೆಂಡು ಹಿಂದುಮುಂದು ನೋಡಿದರೆ ೧೪೦ ಮೀಟರ್ ಹಾದಿ ಕಳೆದುಹೋಯಿತು. ರನ್‌ವೇ ಎಷ್ಟೇ ಉದ್ದವಿರಲಿ, ಅದಕ್ಕೊಂದು ಕೊನೆ ಇದ್ದೇ ಇದೆ.

ಆದುದರಿಂದ ಈ ವಿಚಾರವನ್ನು ಓಡುವಾಗ ಮಾಡುವುದಿಲ್ಲ; ಹೊರಡುವ ಮುನ್ನವೇ ಮಾಡಿ ಮುಗಿಸಿರುತ್ತಾರೆ. ವಿಮಾನದ ತೂಕ, ಗಾಳಿಯ ದಿಕ್ಕು, ಬಿಸಿಲಿನ ತಾಪ, ರನ್‌ವೇ ಒಣಗಿದೆಯೋ ಒದ್ದೆಯೋ, ಅದರ ಉದ್ದವೆಷ್ಟು, ಇವನ್ನೆಲ್ಲ ಲೆಕ್ಕಹಾಕಿ ಆ ಒಂದು ಹಾರಾಟಕ್ಕೆಂದೇ ಒಂದು ವೇಗವನ್ನು ಗೊತ್ತುಮಾಡುತ್ತಾರೆ. ಚಾಲಕರ ಮಾತಿನಲ್ಲಿ ಇದರ ಹೆಸರು ‘ವೀ ಒನ್’. ನಾವು ನಿರ್ಧಾರವೇಗ ಎನ್ನಬಹುದು. ಎಂಜಿನ್ ಕೆಟ್ಟರೆ ಈ ವೇಗ ಮುಟ್ಟುವುದರೊಳಗಾಗಿ ನಿಲ್ಲಿಸುವ ಕೆಲಸ ಪ್ರಾರಂಭವಾಗಬೇಕು. ಆಗ ಉಳಿದ ಹಾದಿಯಲ್ಲಿ ವಿಮಾನ ನಿಲ್ಲುತ್ತದೆ. ಆ ವೇಗ ಮೀರಿದ ಮೇಲೆ ಹಾದಿ ಸಾಲದು. ಆದರೆ ಒಂದೇ ಎಂಜಿನ್ನಿನಿಂದ ಮೇಲೆದ್ದು, ಸುತ್ತಿ ಬಂದು ಇಳಿಯುವ ಶಕ್ತಿ ವಿಮಾನಕ್ಕಿರುತ್ತದೆ. ಆಗ ಹಾರುವುದೇ ಕ್ಷೇಮ.

ಲೆಕ್ಕವು ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ನಿಲ್ದಾಣ ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳುವಾದುದರಿಂದ ವಿಮಾನ ಹೆಚ್ಚು ದೂರ ಓಡಬೇಕು. ಅಲ್ಲಿಯ ರನ್‌ವೇಗಳು ೪,೦೦೦ ಮೀಟರ್ ಉದ್ದವಿವೆ. ಬಿಸಿಲು ಹೆಚ್ಚಿದಷ್ಟೂ ಗಾಳಿ ಮತ್ತಷ್ಟು ತೆಳುವಾಗುತ್ತದೆ.

ಓಟದಲ್ಲಿ ಎರಡು ಹಂತಗಳುಂಟು. ಗಂಟೆಗೆ ಸುಮಾರು ೧೫೦ ಕಿಲೋಮೀಟರ್ ಮುಟ್ಟುವ ತನಕ ಸಣ್ಣ ದೋಷ ಕಂಡರೂ ನಿಲ್ಲಿಸಬಹುದು. ಕೆಲವು ವಿಮಾನಗಳಲ್ಲಿ ಈ ಗಡಿ ೧೮೫ರವರೆಗೆ ಹೋಗುತ್ತದೆ. ಅದನ್ನು ದಾಟಿದ ಬಳಿಕ ಬೆಂಕಿ, ಎಂಜಿನ್ನಿನ ವೈಫಲ್ಯ, ವಿಮಾನ ಹಾರಲಾರದೆಂಬ ಸ್ಪಷ್ಟ ಸೂಚನೆ ಮೊದಲಾದ ದೊಡ್ಡ ಕಾರಣಗಳಿಗೆ ಮಾತ್ರ ನಿಲ್ಲಿಸುತ್ತಾರೆ. ಎಂಜಿನ್ನಿನ ಸನ್ನೆಯ ಮೇಲೆ ಕ್ಯಾಪ್ಟನ್ನರ ಕೈ ಇದ್ದೇ ಇರುತ್ತದೆ. “ವೀ ಒನ್” ಎಂಬ ಕೂಗು ಕೇಳಿಸಿದೊಡನೆ ಅವರು ಆ ಕೈಯನ್ನು ತೆಗೆದುಬಿಡುತ್ತಾರೆ. ಮನಸ್ಸು ಅಳುಕಿದರೂ ಕೈ ಹಿಂದಕ್ಕೆ ಎಳೆಯದಿರಲೆಂದು ಈ ಕಟ್ಟಳೆ. ‘ವಿವೇಕ’ ಎಂಬ ಶಬ್ದಕ್ಕೆ ಬೇರ್ಪಡಿಸುವುದು ಎಂಬುದೇ ಮೂಲಾರ್ಥ. ನಿಲ್ಲಬೇಕಾದ ಹೊತ್ತನ್ನೂ ಹಾರಬೇಕಾದ ಹೊತ್ತನ್ನೂ ಬೇರ್ಪಡಿಸುವ ಈ ಗೆರೆಗೆ ಆ ಹೆಸರು ಸಲ್ಲುತ್ತದೆ.

ಇಂಥ ಪ್ರಸಂಗಗಳು ವಿರಳ. ಅಮೆರಿಕದಲ್ಲಿ ಚಾಲಕರ ತರಬೇತಿಗೆಂದು ಸಿದ್ಧಪಡಿಸಿದ ಅಧ್ಯಯನದ ಪ್ರಕಾರ ಸುಮಾರು ೩,೦೦೦ ಬಾರಿ ಹೊರಟರೆ ಒಮ್ಮೆ ನಿಲ್ಲಿಸಿದ್ದುಂಟು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಡಿಮೆ ವೇಗದಲ್ಲಿಯೇ ನಿಂತವು. ನಿಲ್ಲಲು ಹೋಗಿ ಅವಘಡಕ್ಕೀಡಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಿರ್ಧಾರವೇಗ ಮೀರಿದ ಮೇಲೆ ನಿಲ್ಲಿಸಲು ಯತ್ನಿಸಿದವು. ಗೆರೆ ದಾಟಿದ ಮೇಲೆ ಮನಸ್ಸು ಬದಲಾಯಿಸಿದ ಫಲ ಅದು.

ನಮ್ಮ ನಾಡು ಇದೇ ಪಾಠವನ್ನು ಬೇರೊಂದು ರೀತಿಯಲ್ಲಿ ಬಹು ದುಃಖದಿಂದ ಕಲಿಯಿತು. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿಯಿತು. ಅದು ಹಾರಲು ಹೊರಟ ವಿಮಾನವಲ್ಲ, ಇಳಿಯುತ್ತಿದ್ದ ವಿಮಾನ. ೨,೪೫೦ ಮೀಟರ್ ಹಾದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ನೆಲ ಮುಟ್ಟಿತು. ಇಳಿಯದೆ ಮತ್ತೆ ಮೇಲೇರೋಣವೆಂದು ಸಹಚಾಲಕರು ಮೊದಲೇ ಹೇಳಿದ್ದರು. ನೆಲ ಮುಟ್ಟಿದ ಮೇಲೆ ನಿಲ್ಲಿಸುವ ಕ್ರಮ ಪ್ರಾರಂಭವಾಯಿತು. ಅದನ್ನು ನಡುವೆ ಬಿಟ್ಟು ಮತ್ತೆ ಹಾರುವ ಯತ್ನ ನಡೆಯಿತು. ವಿಮಾನ ಅಂಚು ದಾಟಿ ಕಣಿವೆಗೆ ಬಿದ್ದಿತು. ೧೫೮ ಮಂದಿ ತೀರಿಕೊಂಡರು. ಬದುಕಿದವರು ೮ ಮಂದಿ. ನಿಲ್ಲಿಸುವ ಕ್ರಮವನ್ನೇ ಬಿಡದೆ ಪೂರ್ಣ ಬಲದಿಂದ ಬ್ರೇಕು ಒತ್ತಿದ್ದರೆ ವಿಮಾನ ನಿಲ್ಲಬಹುದಿತ್ತೆಂದು ತನಿಖೆ ಕಂಡುಕೊಂಡಿತು. ಹಾರುವಾಗಲಾಗಲಿ ಇಳಿಯುವಾಗಲಾಗಲಿ, ಕೈಗೊಂಡ ನಿರ್ಧಾರವನ್ನು ನಡುವೆ ತಿರುಗಿಸಲು ಹಾದಿ ಉಳಿದಿರುವುದಿಲ್ಲ.

ನಿಲ್ಲಿಸಬೇಕೆಂದು ಗೊತ್ತಾದ ಮೇಲೆ ಕೆಲಸ ಬಹು ಚುರುಕಾಗಿ ನಡೆಯುತ್ತದೆ. ಎಂಜಿನ್ನಿನ ಬಲವನ್ನು ತಗ್ಗಿಸುತ್ತಾರೆ. ಚಕ್ರದ ಬ್ರೇಕು ಪೂರ್ಣವಾಗಿ ಹಿಡಿಯುತ್ತದೆ. ರೆಕ್ಕೆಯ ಮೇಲಿನ ಫಲಕಗಳು ಎದ್ದು ನಿಂತು ವಿಮಾನದ ಭಾರವನ್ನು ಚಕ್ರಗಳ ಮೇಲೆ ಒತ್ತುತ್ತವೆ. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುತ್ತಾರೆ. ಓಟದ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಬಿಡುತ್ತದೆ. ಬ್ರೇಕಿನ ಬಿಲ್ಲೆಗಳು ಕೆಂಡದಂತಾಗುವುದೂ ಉಂಟು. ಟೈರು ಸಿಡಿಯದಿರಲೆಂದು ಚಕ್ರದಲ್ಲಿ ಕರಗುವ ಬಿರಡೆಗಳನ್ನಿಟ್ಟಿರುತ್ತಾರೆ. ಶಾಖ ಮಿತಿಮೀರಿದರೆ ಅವು ಕರಗಿ ಗಾಳಿಯನ್ನು ಮೆಲ್ಲಗೆ ಹೊರಬಿಡುತ್ತವೆ. ವಿಮಾನದ ಮಾದರಿಗೆ ಅನುಮತಿ ಕೊಡುವ ಮುನ್ನ ಸವೆದ ಬ್ರೇಕುಗಳಿಂದಲೇ ಇಂಥ ನಿಲುಗಡೆಯನ್ನು ಪರೀಕ್ಷಿಸುತ್ತಾರೆ.

ನಿಂತ ವಿಮಾನದ ಸುತ್ತ ಅಗ್ನಿಶಾಮಕ ವಾಹನಗಳು ಬಂದು ನಿಲ್ಲುವುದೂ, ಬಹಳ ಹೊತ್ತು ಕಾಯಿಸುವುದೂ ಈ ಶಾಖದ ಕಾರಣದಿಂದಲೇ. ಬ್ರೇಕು ಆರುವವರೆಗೆ, ದೋಷವನ್ನು ಪರೀಕ್ಷಿಸುವವರೆಗೆ ಆ ವಿಮಾನ ಮತ್ತೆ ಹೊರಡುವಂತಿಲ್ಲ. ಒಳಗಿರುವವರು ಪಟ್ಟಿ ಬಿಚ್ಚದೆ ಕುಳಿತು ಸಿಬ್ಬಂದಿಯ ಮಾತಿಗಾಗಿ ಕಾಯಬೇಕು. ಇಳಿಯಿರೆಂದರೆ ಕೈಚೀಲವನ್ನು ಅಲ್ಲೇ ಬಿಟ್ಟು ಇಳಿಯಬೇಕು. ಒಬ್ಬರು ಚೀಲಕ್ಕೆ ಕೈಹಾಕಿದರೆ ಹಿಂದಿನ ಹತ್ತು ಮಂದಿಯ ದಾರಿ ಕಟ್ಟುತ್ತದೆ.

ಊರಿನಲ್ಲಿರುವ ನಮಗೂ ಒಂದು ಮಾತು. “ವಿಮಾನ ಹಾರಲಿಲ್ಲ, ರಾತ್ರಿಯೆಲ್ಲ ಕಾಯಿಸಿದರು” ಎಂದು ಮಗನೋ ಮಗಳೋ ಬೇಸರಪಟ್ಟು ಫೋನು ಮಾಡಿದಾಗ ನಾವೂ ಜೊತೆಗೂಡಿ ಚಾಲಕರನ್ನು ಬಯ್ಯಬಾರದು. ತಡವಾದರೂ ಮಕ್ಕಳು ಫೋನು ಮಾಡುತ್ತಿದ್ದಾರೆ. ಹೊರಡುವ ಮುನ್ನವೇ ಯಾರೋ ಇಬ್ಬರು ಲೆಕ್ಕಹಾಕಿ, ಎಲ್ಲಿಯವರೆಗೆ ನಿಲ್ಲಬಹುದೆಂದು ಗೆರೆಯೆಳೆದು, ಆ ಗೆರೆಗೆ ತಪ್ಪದೆ ನಡೆದುಕೊಂಡದ್ದರಿಂದ ಆ ದನಿ ನಮಗೆ ಕೇಳಿಸುತ್ತಿದೆ.