ಕಡಲ ಜ್ವರ ನೋಡುವ ಬೋಯಾಕ್ಕೇ ಕತ್ತಿಯೇ?

ಮೀನು ಎಲ್ಲಿದೆ ಅಂತ ಈಗ ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ದಕ್ಕೆಗಳಿಗೆ ಹೇಳುವುದು ಹೈದರಾಬಾದು! ಕಡಲೇ ಇಲ್ಲದ ಊರು. ಅಲ್ಲಿರುವ ಕೇಂದ್ರ ಸರಕಾರದ ಸಾಗರ ಮಾಹಿತಿ ಸೇವಾ ಕೇಂದ್ರ, ಚಿಕ್ಕದಾಗಿ ಇನ್‌ಕಾಯ್ಸ್, ನಮ್ಮ ದಡದಿಂದ ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್ ದೂರದಲ್ಲಿ, ಎಷ್ಟು ಆಳದ ನೀರಿನಲ್ಲಿ ಮೀನು ಸಿಗಬಹುದು ಅಂತ ಕನ್ನಡದಲ್ಲೇ ಸೂಚನೆ ಕೊಡುತ್ತದೆ. ತಾಂಡೇಲ ಮೊಬೈಲಿನಲ್ಲಿ ನೋಡಿ ಚುಕ್ಕಾಣಿ ತಿರುಗಿಸಿದರಾಯಿತು.

"ನಮ್ಮ ಅಜ್ಜನ ಕಾಲದಲ್ಲಿ ಯಾವ ಉಪಗ್ರಹ ಇತ್ತು ಮಾರಾಯ್ರೆ? ನೀರಿನ ಬಣ್ಣ ನೋಡಿ ಬಲೆ ಹಾಕ್ತಿದ್ರು" ಎನ್ನುವವರು ದಕ್ಕೆಯಲ್ಲಿ ಇಂದಿಗೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಹೈದರಾಬಾದಿನವರು ನೋಡುವುದೂ ನೀರಿನ ಬಣ್ಣವನ್ನೇ. ಅದರ ಜೊತೆಗೆ ನೀರಿನ ಕಾವನ್ನೂ ನೋಡುತ್ತಾರೆ, ಅಷ್ಟೆ.

ಲೆಕ್ಕ ಸರಳ. ಕಡಲ ಅಡಿಯ ತಣ್ಣಗಿನ ನೀರಿನಲ್ಲಿ ಸತ್ತು ಕೊಳೆತ ಜೀವಿಗಳ ಸಾರವಿರುತ್ತದೆ. ಆ ನೀರು ಮೇಲೆ ಬಂದರೆ, ಗದ್ದೆಗೆ ಗೊಬ್ಬರ ಬಿದ್ದ ಹಾಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಚಿಗುರಿ ನೀರು ಹಸಿರಾಗುತ್ತದೆ. ಅದನ್ನು ತಿನ್ನಲು ಬೂತಾಯಿ, ಬಂಗುಡೆ ಬರುತ್ತವೆ. ಅವನ್ನು ತಿನ್ನಲು ದೊಡ್ಡ ಮೀನು ಬರುತ್ತದೆ. ಹಾಗಾಗಿ ಬಿಸಿನೀರೂ ತಣ್ಣೀರೂ ಸೇರುವ ಗಡಿ ಎಲ್ಲಿದೆ, ನೀರು ಹಸಿರಾಗಿರುವುದು ಎಲ್ಲಿ ಎಂದು ಗೊತ್ತಾದರೆ ಮೀನಿನ ಮನೆ ಅರ್ಧ ಗೊತ್ತಾದಂತೆ. ಒಂದು ಟ್ರಿಪ್ಪಿನ ಡೀಸೆಲ್ ಖರ್ಚು ಏನೆಂದು ಬೋಟಿನ ಮಾಲೀಕರನ್ನು ಕೇಳಿ. ಈ ಅರ್ಧ ಸುಳಿವಿನ ಬೆಲೆ ಆಗ ತಿಳಿದೀತು.

ಆಕಾಶದಿಂದ ಕಡಲ ಕಾವು ಅಳೆಯುವುದು ಹೇಗೆ? ದೋಸೆ ಕಾವಲಿ ಕಾದಿದೆಯೋ ಇಲ್ಲವೋ ಅಂತ ಹೆಂಗಸರು ಮುಟ್ಟಿ ನೋಡುವುದಿಲ್ಲ. ಅಂಗೈಯನ್ನು ಮೇಲೆ ಹಿಡಿದರೆ ತಿಳಿಯುತ್ತದೆ. ಉಪಗ್ರಹದ್ದೂ ಅದೇ ವಿದ್ಯೆ. ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣ ಸೂಸುತ್ತದೆ. ಸುಮಾರು 800 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ, 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಇನ್ಸಾಟ್, ಎರಡೂ ಆ ಕಿರಣವನ್ನು ಹಿಡಿದು ಡಿಗ್ರಿ ಲೆಕ್ಕ ಹಾಕುತ್ತವೆ. 1979ರಲ್ಲೇ ಇಸ್ರೋದ ಭಾಸ್ಕರ-1 ಕಡಲನ್ನು ನೋಡುವ ಉಪಕರಣ ಹೊತ್ತು ಹೋಗಿತ್ತು. 2022ರ ನವೆಂಬರ್ 26ರಂದು ಶ್ರೀಹರಿಕೋಟಾದಿಂದ ಹಾರಿದ ಓಷನ್‌ಸ್ಯಾಟ್-3 ನೀರಿನ ಬಣ್ಣ, ಕಾವು ಎರಡನ್ನೂ ನೋಡಲೆಂದೇ ಕಟ್ಟಿದ ಉಪಗ್ರಹ.

ಇಷ್ಟೆಲ್ಲ ಇದ್ದ ಮೇಲೆ ಚಿಂತೆ ಏಕೆ? ಚಿಂತೆ ಇದೆ.

ಮೊದಲನೆಯದು, ಈ ಕಿರಣ ಬರುವುದು ನೀರಿನ ತೊಗಲಿನಿಂದ ಮಾತ್ರ. ತಲೆಗೂದಲಿಗಿಂತ ತೆಳುವಾದ ಪದರ ಅದು. ಗಾಳಿಯಿಲ್ಲದ ಮಧ್ಯಾಹ್ನ ಆ ಪದರ ಬಿಸಿಲಿಗೆ ಕಾದು, ಕೆಳಗಿನ ನೀರಿಗಿಂತ ಒಂದೆರಡು ಡಿಗ್ರಿ ಹೆಚ್ಚು ತೋರಿಸಬಹುದು. ಹಾಲಿನ ಕೆನೆ ಮುಟ್ಟಿ ಪಾತ್ರೆಯ ಬಿಸಿ ಹೇಳಿದ ಹಾಗಾಯಿತು. ಎರಡನೆಯದು ಮೋಡ. ಮೋಡ ಕವಿದರೆ ಆ ಕಣ್ಣು ಕುರುಡು. ಮೋಡದಾಚೆ ನೋಡುವ ಮೈಕ್ರೋವೇವ್ ಉಪಕರಣಗಳೂ ಇವೆ. ಆದರೆ ಅವುಗಳ ಚಿತ್ರ ಮಬ್ಬು. ನೆಲದ ಕಾವು ಸೇರಿಕೊಳ್ಳುವುದರಿಂದ ದಡದ ಹತ್ತಿರದ ನೀರನ್ನು ಸರಿಯಾಗಿ ನೋಡಲಾರವು. ಅಂದರೆ ಮಳೆಗಾಲದಲ್ಲಿ, ನಮ್ಮ ಕರಾವಳಿಯಲ್ಲಿ ಅಡಿಯ ತಣ್ಣೀರು ಮೇಲೆದ್ದು ಬರುವ ಹೊತ್ತಿನಲ್ಲೇ ಉಪಗ್ರಹಕ್ಕೆ ಕಣ್ಣು ಮಂಜು! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ ಮೀನಿನ ಸೂಚನೆಯೂ ಬರುವುದಿಲ್ಲ. ಆಗ ಕಡಲಿಗಿಳಿಯುವ ನಾಡದೋಣಿಯವರಿಗೆ ಅಜ್ಜನ ವಿದ್ಯೆಯೇ ಗತಿ.

ಆದ್ದರಿಂದಲೇ ನೀರಿನಲ್ಲೇ ಥರ್ಮಾಮೀಟರ್ ಇರಬೇಕು. ಹಿಂದೆ ಹಡಗಿನವರು ಬಾಲ್ದಿ ಇಳಿಸಿ ನೀರೆತ್ತಿ ಅಳೆಯುತ್ತಿದ್ದರು. ಕ್ಯಾನ್ವಾಸ್ ಬಾಲ್ದಿಯ ನೀರು ಗಾಳಿಗೆ ಆರಿ ತಣ್ಣಗಾಗುತ್ತಿತ್ತು. ಮುಂದೆ ಎಂಜಿನ್ನಿಗೆ ಎಳೆದುಕೊಳ್ಳುವ ನೀರನ್ನು ಅಳೆಯತೊಡಗಿದಾಗ ಎಂಜಿನ್ ಕೋಣೆಯ ಶಾಖ ಸೇರಿ ಲೆಕ್ಕ ಮೇಲೇರಿತು. ಹಳೆಯ ದಾಖಲೆಗಳ ಈ ಗೊಂದಲ ಬಿಡಿಸಲು ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ.

ಈಗ ಆ ಕೆಲಸಕ್ಕೆ ತೇಲುವ ಯಂತ್ರಗಳು ಬಂದಿವೆ. ಆರ್ಗೋ ಎಂಬ ಕೊಳವೆಯಾಕಾರದ ಯಂತ್ರ 1,000 ಮೀಟರ್ ಆಳದಲ್ಲಿ ತೇಲುತ್ತಾ ಹೋಗಿ, ಹತ್ತು ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿದು, ಕಾವು ಮತ್ತು ಉಪ್ಪು ಅಳೆಯುತ್ತಾ ಮೇಲೆ ಬಂದು ಸುದ್ದಿ ಕಳಿಸುತ್ತದೆ. ಲೋಕದ ಕಡಲುಗಳಲ್ಲಿ ಇಂಥವು ಸುಮಾರು 4,000 ಇವೆ. ಇನ್ನೊಂದು ಲಂಗರು ಹಾಕಿದ ಬೋಯಾ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅರಬ್ಬೀ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಇವನ್ನು ನಿಲ್ಲಿಸಿದ್ದಾರೆ. ಇದ್ದ ಜಾಗದಲ್ಲೇ ನಿಂತು ಹಗಲು ರಾತ್ರಿ ಗಾಳಿ, ಅಲೆ, ನೀರಿನ ಕಾವು ಹೇಳುವ ಕಾವಲುಗಾರ ಇದು. ನೀರಿನಲ್ಲಿ ಅಳೆದ ಇಂಥ ಲೆಕ್ಕಗಳನ್ನು ಹೋಲಿಸಿಯೇ ಉಪಗ್ರಹದ ಲೆಕ್ಕವನ್ನು ತಿದ್ದುವುದು.

ಇನ್ನು ಕೇಳಬೇಕಾದ ಮಾತು. ಕಡಲಲ್ಲಿ ಏನು ತೇಲಿದರೂ ಅದರ ಕೆಳಗೆ ಮೀನು ಸೇರುತ್ತದೆ. ಬೋಯಾದ ಕೆಳಗೂ ಸೇರುತ್ತದೆ. ಅಲ್ಲಿಗೆ ಹೋಗಿ ಬೋಟು ಕಟ್ಟುವವರಿದ್ದಾರೆ, ಬಲೆ ಸಿಕ್ಕಿದರೆ ಹಗ್ಗ ಕೊಯ್ಯುವವರಿದ್ದಾರೆ, ಸೋಲಾರ್ ಪ್ಲೇಟ್ ಬಿಚ್ಚುವವರೂ ಇದ್ದಾರೆ. ಇದು ನಮ್ಮ ದೇಶದ್ದೊಂದೇ ಕಥೆಯಲ್ಲ, ಲೋಕದ ಎಲ್ಲ ಕಡಲುಗಳದ್ದೂ. ಬಿಚ್ಚಿದವನಿಗೆ ಗುಜರಿಯ ನಾಲ್ಕು ಕಾಸು. ಆದರೆ ಆ ಬೋಯಾ ಸುಮ್ಮನಾದರೆ, ಅಷ್ಟು ದೂರದ ಕಡಲು ಮೂಕವಾದಂತೆ.

ಮೀನು ಹೋದರೆ ಹೋಗಲಿ, ಜೀವದ ಪ್ರಶ್ನೆಯೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕೇರಳ, ಲಕ್ಷದ್ವೀಪದ ಕಡೆಯ ನೀರು 30 ಡಿಗ್ರಿ ದಾಟುತ್ತದೆ. ಚಂಡಮಾರುತಕ್ಕೆ ಬಿಸಿನೀರೇ ಆಹಾರ. 26-27 ಡಿಗ್ರಿ ಇದ್ದರೂ ಅದಕ್ಕೆ ಸಾಕು. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಹತ್ತಿರ ಹುಟ್ಟಿದ ತೌಕ್ತೆ, ಕಾದ ನೀರಿನ ಮೇಲೆ ಬಲಿತು ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು, 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಬಿದ್ದ ಟಗ್‌ನಿಂದ ಒಂಬತ್ತು ಜನರನ್ನು ಪಾರು ಮಾಡಲು ಹೆಲಿಕಾಪ್ಟರ್ ಬರಬೇಕಾಯಿತು. ಅರಬ್ಬೀ ಸಮುದ್ರ ಹಿಂದಿನ ದಶಕಗಳಿಗಿಂತ ಬಿಸಿಯಾಗಿದೆ. ಮುಂದೆ ಇಂಥದ್ದು ಬಂದಾಗ, ಮೋಡದ ಕೆಳಗಿನ ನೀರು ಎಷ್ಟು ಕಾದಿದೆ ಅಂತ ಖಚಿತವಾಗಿ ಹೇಳಬೇಕಾದದ್ದು ಅದೇ ಬೋಯಾ.

ಕಾನೂನು, ದಂಡ ಅಂತ ಹೆದರಿಸಿದರೆ ಸಾಲದು. ನಡುಗಡಲಲ್ಲಿ ಪೊಲೀಸ್ ನಿಲ್ಲಿಸಲು ಆಗುತ್ತದೆಯೇ? ಬೋಯಾ ಎಂದರೇನು, ಅದರ ಸುದ್ದಿ ಯಾರಿಗೆ ಉಪಯೋಗ ಎಂಬುದನ್ನು ಮೀನುಗಾರಿಕೆ ಇಲಾಖೆಯವರು ದಕ್ಕೆಗೇ ಬಂದು ಹೇಳಲಿ. ಇಂದು ಕಡಲು ಎಷ್ಟು ಡಿಗ್ರಿ, ಅಲೆ ಎಷ್ಟು ಎತ್ತರ ಅಂತ ಹರಾಜು ಕಟ್ಟೆಯ ಬೋರ್ಡಿನಲ್ಲಿ ದಿನಾ ಬರೆದು ಹಾಕಲಿ. ತನ್ನ ಬೋಟಿನ ದಾರಿ ಹೇಳುವ ಯಂತ್ರ ಅದು ಅಂತ ಗೊತ್ತಾದ ಮೇಲೆ ಯಾವ ತಾಂಡೇಲನೂ ಅದಕ್ಕೆ ಕತ್ತಿ ಹಾಕಲು ಬಿಡಲಾರ.