ಕುಲಾವಿ ಮೊದಲೋ, ಸ್ವೆಟರ್ ಮೊದಲೋ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಾಗಿದ್ದರೆ ಧನುರ್ಮಾಸದ ಮುಂಜಾವಿನ ಚಳಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಕೋಲಾರ ಪಟ್ಟಣ ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಸೂರ್ಯ ಮುಳುಗಿದ ಮೇಲೆ ಈ ಬಯಲುಸೀಮೆಯ ನೆಲ ಬೇಗ ತಣ್ಣಗಾಗುತ್ತದೆ. ಮನೆಯಲ್ಲಿ ಉಲ್ಲನ್ ಉಂಡೆ, ಎರಡು ಕಡ್ಡಿಗಳು ಹೊರಬರುವ ಕಾಲವೂ ಇದೇ.

ಹೆಣಿಗೆ ಕಲಿತವರಿಗೆ ಒಂದು ಚಾಳಿ ಇರುತ್ತದೆ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹಾಕುತ್ತಾರೆ. ಹೀಗೆ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವುದು ಜಾಣತನವೋ ಅಲ್ಲವೋ? ಇದಕ್ಕೆ ಉತ್ತರ ಹೇಳಲು ಸರಳ ಗಣಿತ ಸಾಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಮುಂದೆ ನಾಲ್ಕು ಕೆಲಸಗಳಿವೆ: ಅಕ್ಕನ ಮಗುವಿಗೆ ಕುಲಾವಿ, 4 ಗಂಟೆ, ಅಜ್ಜಿಗೆ ಕೈಗವಸು, 6 ಗಂಟೆ, ತಾತನಿಗೆ ಕಾಲುಚೀಲ, 10 ಗಂಟೆ, ತಮ್ಮನಿಗೆ ತೋಳಿಲ್ಲದ ಸ್ವೆಟರ್, 20 ಗಂಟೆ. ಓದಿನ ನಡುವೆ ದಿನಕ್ಕೆ ಒಂದು ಗಂಟೆ ಮಾತ್ರ ಬಿಡುವು. ಒಟ್ಟು 40 ದಿನದ ಕೆಲಸ.

ಯಾರಿಗೂ ಬೇಸರವಾಗದಿರಲೆಂದು ದಿನಕ್ಕೊಂದರಂತೆ ಸರದಿಯಲ್ಲಿ ಹೆಣೆದರೆ ಏನಾಗುತ್ತದೆ? ಕುಲಾವಿ 13ನೆಯ ದಿನ, ಕೈಗವಸು 20ನೆಯ ದಿನ, ಕಾಲುಚೀಲ 29ನೆಯ ದಿನ, ಸ್ವೆಟರ್ 40ನೆಯ ದಿನ ಮುಗಿಯುತ್ತವೆ. ಸರಾಸರಿ ಕಾಯುವಿಕೆ 25.5 ದಿನ. ಇದರ ಬದಲು ಚಿಕ್ಕದನ್ನು ಮೊದಲು ಮುಗಿಸಿ, ಆಮೇಲೆ ಅದಕ್ಕಿಂತ ದೊಡ್ಡದನ್ನು ಹಿಡಿದರೆ ಅವು ಕ್ರಮವಾಗಿ 4, 10, 20, 40ನೆಯ ದಿನಗಳಲ್ಲಿ ಸಿದ್ಧ. ಸರಾಸರಿ 18.5 ದಿನ. ದೊಡ್ಡದನ್ನೇ ಮೊದಲು ಹಿಡಿದರೆ ಸರಾಸರಿ 31.5 ದಿನಕ್ಕೆ ಏರುತ್ತದೆ. ನಿಮ್ಮ ಶ್ರಮ ಮೂರರಲ್ಲೂ ಅಷ್ಟೇ, ಕೊನೆಯ ದಿನವೂ ಅದೇ. ಬದಲಾದದ್ದು ಕ್ರಮ ಮಾತ್ರ. ಚಿಕ್ಕದು ಮೊದಲಾದರೆ ಸರಾಸರಿ ಕಾಯುವಿಕೆ ಕನಿಷ್ಠವಾಗುತ್ತದೆ ಎಂಬುದನ್ನು 1956ರಲ್ಲಿ ಸ್ಮಿತ್ ಎಂಬುವರು ತೋರಿಸಿದರು.

ಆದರೆ ಸರಾಸರಿಯೊಂದೇ ಮುಖ್ಯವಲ್ಲ. ಮಗುವಿನ ನಾಮಕರಣ 15ನೆಯ ದಿನ. ತಮ್ಮನ ಶಾಲಾ ಪ್ರವಾಸ 26ನೆಯ ದಿನ. ಅಜ್ಜಿ ಊರಿಗೆ ಹೊರಡುವುದು 30ನೆಯ ದಿನ. ತಾತನಿಗೆ 40ರೊಳಗೆ ಕೊಟ್ಟರಾಯಿತು ಎಂದುಕೊಳ್ಳಿ. ಚಿಕ್ಕದು ಮೊದಲೆಂಬ ಲೆಕ್ಕ ಹಿಡಿದರೆ ತಮ್ಮ ಸ್ವೆಟರ್ ಇಲ್ಲದೆ ನಡುಗುತ್ತ ಪ್ರವಾಸ ಮುಗಿಸಿ ಬಂದಿರುತ್ತಾನೆ. ಆಗ ಗಡುವಿನ ಕ್ರಮ ಅನುಸರಿಸಬೇಕು: ಕುಲಾವಿ, ಸ್ವೆಟರ್, ಕೈಗವಸು, ಕಾಲುಚೀಲ. ಅವು 4, 24, 30, 40ನೆಯ ದಿನಗಳಲ್ಲಿ ಮುಗಿಯುತ್ತವೆ. ಸರಾಸರಿ 24.5ಕ್ಕೆ ಏರಿದರೂ ಒಂದೂ ತಡವಾಗಲಿಲ್ಲ. ಅತಿ ಹೆಚ್ಚಿನ ವಿಳಂಬವನ್ನು ಆದಷ್ಟು ಕಡಿಮೆ ಮಾಡುವ ಈ ಸೂತ್ರವನ್ನು 1955ರಲ್ಲಿ ಜಾಕ್ಸನ್ ಎಂಬುವರು ನೀಡಿದರು.

ಮಗುವಿನ ಉಡುಗೊರೆಗೆ ಇನ್ನೊಂದು ಗಡುವು ಇದೆ. ಹುಟ್ಟಿದಾಗ ಸುಮಾರು 34-35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಆರು ತಿಂಗಳಿಗೆ 43ರ ಆಸುಪಾಸಿಗೆ ಬರುತ್ತದೆ. ತಡವಾದ ಕುಲಾವಿ ಮಗುವಿನ ತಲೆಗೇ ಹಿಡಿಸುವುದಿಲ್ಲ. ಮುಗಿಸುವ ದಿನ ಖಚಿತವಿಲ್ಲದಿದ್ದರೆ ಮೂರು ತಿಂಗಳ ಮಗುವಿನ ಅಳತೆಗೆ ಹೆಣೆಯುವುದು ಕ್ಷೇಮ.

ಇಷ್ಟೂ ಲೆಕ್ಕದಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಲು ಸಮಯವೇ ಬೇಡವೆಂದು ಭಾವಿಸಿದ್ದೇವೆ. ವಾಸ್ತವ ಹಾಗಿಲ್ಲ. ಮುಗಿಸದೆ ಬಿಟ್ಟ ಕೆಲಸದ ನೆನಪು ಹೊಸ ಕೆಲಸದ ಮೇಲಿನ ಗಮನವನ್ನು ಕಸಿಯುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ವಿವರಿಸಿದ್ದಾರೆ. ಹೆಣಿಗೆಯಲ್ಲಂತೂ ಎಷ್ಟನೆಯ ಸಾಲು ಎಂಬುದು ಮರೆತುಹೋಗುತ್ತದೆ, ಕೈಯ ಬಿಗಿಯೂ ಬದಲಾಗುತ್ತದೆ. ಎರಡು ಕಾಲುಚೀಲಗಳಲ್ಲಿ ಒಂದು ಸಡಿಲ, ಒಂದು ಬಿಗಿ!

ಹಾಗಾದರೆ ಒಂದೇ ಕೆಲಸ ಕೈಯಲ್ಲಿರಬೇಕೇ? ಎರಡು ಇರಲಿ ಎನ್ನಬಹುದು. ಕಾಲುಚೀಲದ ಹಿಮ್ಮಡಿಯನ್ನು ತಿರುಗಿಸುವಾಗ ಪ್ರತಿ ಕುಣಿಕೆಯನ್ನೂ ಎಣಿಸಬೇಕು. ಅದಕ್ಕೆ ಶಾಂತವಾದ ಹೊತ್ತು ಬೇಕು. ಸ್ವೆಟರಿನ ನೇರ ಸಾಲುಗಳಿಗೆ ಅಷ್ಟು ಗಮನ ಬೇಡ, ಮಾತನಾಡುತ್ತಲೇ ಹೆಣೆಯಬಹುದು. ಎಣಿಕೆಯ ಕೆಲಸ ಒಂದು, ಎಣಿಕೆ ಇಲ್ಲದ್ದು ಒಂದು ಇದ್ದರೆ ದಣಿದ ಸಂಜೆಯೂ ವ್ಯರ್ಥವಾಗದು.

ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದಕ್ಕೂ ಕ್ರಮವಿದೆ. ಹೆಣಿಗೆಯಲ್ಲಿ ಪ್ರತಿ ಕುಣಿಕೆಯನ್ನೂ ಅದರೊಳಗೆ ತೂರಿಬಂದ ಮೇಲಿನ ಕುಣಿಕೆ ಹಿಡಿದಿಟ್ಟಿರುತ್ತದೆ. ಕಡ್ಡಿಯ ಮೇಲಿನ ಕೊನೆಯ ಸಾಲಿಗೆ ಮಾತ್ರ ಕಡ್ಡಿಯೇ ಆಧಾರ. ಅಲ್ಲಿ ಒಂದು ಜಾರಿದರೆ ಅದರ ಕೆಳಗಿನವು ಒಂದರ ಹಿಂದೊಂದು ಬಿಚ್ಚಿಕೊಳ್ಳಬಹುದು. ಆದ್ದರಿಂದ ಕಡ್ಡಿ ತೆಗೆಯುವ ಮೊದಲು ಆ ಸಾಲಿನೊಳಗೆ ಬೇರೊಂದು ಬಣ್ಣದ ದಾರ ಪೋಣಿಸಿ, ಸಾಲಿನ ಸಂಖ್ಯೆ ಬರೆದ ಚೀಟಿಯನ್ನು ಜೊತೆಗಿಡಿ. ವಾರಗಟ್ಟಲೆ ಬಿಟ್ಟರೂ ಅದು ಕಾಯುತ್ತದೆ.

ಎಲ್ಲ ಕೆಲಸಗಳೂ ಹೀಗೆ ಕಾಯುವುದಿಲ್ಲವೆಂಬುದನ್ನು ನಿಮ್ಮ ಊರಿನ ರೇಷ್ಮೆ ಸಾಕುವ ಮನೆಗಳಲ್ಲಿ ನೋಡಬಹುದು. ಮೊಟ್ಟೆಯೊಡೆದ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಪೊರೆ ಕಳಚಿ, ಸುಮಾರು 25 ದಿನಗಳಲ್ಲಿ ಹಣ್ಣಾಗುತ್ತದೆ. ತಾನು ತಿನ್ನುವ ಸೊಪ್ಪಿನ ಬಹುಪಾಲನ್ನು ಅದು ಕೊನೆಯ ಹಂತದಲ್ಲೇ ತಿನ್ನುತ್ತದೆ. ಆ ದಿನಗಳಲ್ಲಿ ಸೊಪ್ಪು ತಡವಾದರೆ ಗೂಡೇ ಕೈಕೊಡುತ್ತದೆ. ಹುಳುವನ್ನು ದಾರ ಪೋಣಿಸಿ ಪಕ್ಕಕ್ಕಿಡಲಾಗದು. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಈ ಪಾಠ ಪುಸ್ತಕದಿಂದ ಬಂದದ್ದಲ್ಲ.

ಈಗ ನಿಮ್ಮ ಪ್ರಾಯೋಗಿಕ ರೆಕಾರ್ಡ್, ಪ್ರಬಂಧ, ಕಿರುಪರೀಕ್ಷೆಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದರ ಮುಂದೆ ಎಷ್ಟು ಗಂಟೆ, ಯಾವ ದಿನದೊಳಗೆ ಎಂದು ನಮೂದಿಸಿ. ಯಾವುದು ಕಡ್ಡಿಯ ಮೇಲಿನ ಹೆಣಿಗೆ, ಯಾವುದು ಹಸಿದ ಹುಳು ಎಂದು ಗುರುತಿಸಿ. ಹುಳುವಿಗೆ ಮೊದಲು ಸೊಪ್ಪು ಹಾಕಿ. ಹೆಣಿಗೆ ಅಲ್ಲೇ ಇರುತ್ತದೆ.