ಹೊಳೆಯೊಳಗಿನ ಕಲ್ಲುಕಂಬಗಳು

ರಾಬಿಗ್‌ನಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆ ಬಂದಾಗ ಮಾತ್ರ ನೀರು ಕಾಣುವ ವಾದಿ, ಒಂದು ಕಡೆ ಕೆಂಪು ಸಮುದ್ರ, ಇನ್ನೊಂದು ಕಡೆ ರಿಫೈನರಿಯ ಪೈಪುಗಳು. ಇಲ್ಲಿ ಶಟರಿಂಗ್, ಸ್ಕ್ಯಾಫೋಲ್ಡಿಂಗ್ ಕೆಲಸದಲ್ಲಿರುವ ನಮಗೆ ಊರಿನ ಹಳೆಯ ಕಟ್ಟಡ ಕಂಡರೆ ಮೊದಲು ಬರುವ ಪ್ರಶ್ನೆ, ಇದನ್ನು ಹೇಗೆ ನಿಲ್ಲಿಸಿದರು ಎಂಬುದೇ.

ರಜೆಗೆ ಹೋದಾಗ ನಾವು ಹಂಪಿಯ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತೇವೆ. ವಿಠ್ಠಲ ದೇವಸ್ಥಾನದಿಂದ ಹೊಳೆಯತ್ತ ಇಳಿದರೆ, ಪುರಂದರದಾಸರ ಮಂಟಪದ ಹತ್ತಿರ, ತುಂಗಭದ್ರೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ವಿಜಯನಗರ ಕಾಲದ ಸೇತುವೆಯಲ್ಲಿ ಉಳಿದಿರುವುದು ಇಷ್ಟೇ. ಒರಟು ಗ್ರಾನೈಟ್ ಕಂಬ, ಅದರ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಕಮಾನು ಇಲ್ಲ. ದೇವಸ್ಥಾನದ ಮಂಟಪ ಕಟ್ಟುವ ಲೆಕ್ಕವನ್ನೇ ಹೊಳೆಗೆ ಇಳಿಸಿದ್ದಾರೆ. ಹಾಸುಗಲ್ಲುಗಳನ್ನು ಹೊಳೆ ಬಿಡಲಿಲ್ಲ. ಕಂಬಗಳು ಮಾತ್ರ ಉಳಿದವು. ನಡುವೆ ಜಾಗ ಬಿಟ್ಟು ನಿಲ್ಲಿಸಿದ್ದರಿಂದ ಪ್ರವಾಹಕ್ಕೆ ಅಡ್ಡಗೋಡೆ ಇಲ್ಲ, ನೀರು ನುಸುಳಿ ಹೋಗುತ್ತದೆ ಎಂಬುದು ನಮ್ಮ ಸೈಟ್ ಬುದ್ಧಿಯ ಊಹೆ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುತ್ತಿದ್ದರೆಂದು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಹಿಡಿಸುತ್ತಿದ್ದರಂತೆ. ನಮ್ಮ ಹರಿಗೋಲೇ! ಸಾಮ್ರಾಜ್ಯ ಮುಳುಗಿದರೂ ಅದು ತೇಲುತ್ತಲೇ ಇತ್ತು. ಆನೆಗೊಂದಿಯವರು ನಮ್ಮ ಕಾಲದವರೆಗೂ ಅದರಲ್ಲೇ ದಾಟಿದರು.

ಅವರಿಗಾಗಿ ತಳವಾರಘಟ್ಟದ ಬಳಿ 1990ರ ದಶಕದಲ್ಲಿ ಹೊಸ ಸೇತುವೆಯ ಕೆಲಸ ಶುರುವಾಯಿತು. ಸ್ಮಾರಕಗಳಿಗೆ ಧಕ್ಕೆ ಎಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು, ಸೇತುವೆ ಅರ್ಧಕ್ಕೆ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಮತ್ತೆ ಕೆಲಸ ನಡೆಯುತ್ತಿದ್ದಾಗ, 2009ರ ಜನವರಿ 22ರಂದು, ಸೇತುವೆ ಕುಸಿಯಿತು. ಮೇಲಿದ್ದ ಕಾರ್ಮಿಕರಲ್ಲಿ ಹಲವರು ಪ್ರಾಣ ಬಿಟ್ಟರು. ದುಡಿಯಲು ಬಂದವರು, ನಮ್ಮ ಹಾಗೆಯೇ. ಪರಂಪರೆ ಉಳಿಯಬೇಕು, ನಿಜ. ಹಳ್ಳಿಯ ಗರ್ಭಿಣಿ ರಾತ್ರಿ ಹೊತ್ತು ಹೊಳೆ ದಾಟುವುದು ಹೇಗೆ ಎಂದೂ ಯಾರಾದರೂ ಮೊದಲೇ ಕೇಳಬೇಕಿತ್ತು ಅನ್ನಿಸುತ್ತದೆ.

ಆಮೇಲೆ ಕಡೆಬಾಗಿಲಿನ ಹತ್ತಿರ ಬೇರೆ ಸೇತುವೆಯಾಗಿದೆ, ಬಸ್ಸು ಓಡುತ್ತವೆ. ಕಲ್ಲುಕಂಬಗಳನ್ನು ನೋಡುವುದಿದ್ದರೆ ಬೇಸಿಗೆಯ ರಜೆಯಲ್ಲಿ ಹೋಗಿ. ಮಳೆಗಾಲದಲ್ಲಿ ಡ್ಯಾಂ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗಿರುತ್ತದೆ.